ಮೂರು ಹಳೆಯ ಸೈಕಲ್ಲುಗಳಿಂದ ಎರಡು ಕಟ್ಟಬಹುದೇ?

ಹಿತ್ತಿಲಗಿಡ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂಬದಿಯಲ್ಲಿ ಮೂರು ಸೈಕಲ್ಲುಗಳು ವರ್ಷಗಟ್ಟಲೆಯಿಂದ ಗೋಡೆಗೆ ಒರಗಿ ನಿಂತಿವೆ. ಮೊದಲನೆಯದು ಅಡ್ಡಕಂಬಿ ಇಲ್ಲದ ಉಕ್ಕಿನ ಸೈಕಲ್ಲು; ಅದರ ಹಿಂಗಾಲಿಯ ರಿಮ್ಮು ಸೊಟ್ಟಗಾಗಿ ಫ್ರೇಮಿಗೆ ಉಜ್ಜುತ್ತದೆ. ಎರಡನೆಯದು ಹದಿನೆಂಟು ಗೇರುಗಳ ಅಲ್ಯೂಮಿನಿಯಂ ಮೌಂಟನ್ ಬೈಕು. ಗಾಲಿಗಳು ಗಟ್ಟಿಮುಟ್ಟಾಗಿವೆ, ಆದರೆ ಫ್ರೇಮಿನ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕಿದೆ. ಮೂರನೆಯದು ಇಪ್ಪತ್ತು ಇಂಚಿನ ಮಕ್ಕಳ ಸೈಕಲ್ಲು. ಯಾವಾಗಲೋ ಎಲ್ಲಿಗೋ ಗುದ್ದಿ ಅದರ ಮುಂದಿನ ಫೋರ್ಕು ಹಿಂದಕ್ಕೆ ಬಾಗಿದೆ.

ಇವುಗಳಿಂದ ಅರವತ್ತೆಂಟು ವರ್ಷದ ನನ್ನ ತಂದೆಯವರಿಗೆ ಒಂದು, ಒಂಬತ್ತು ವರ್ಷದ ಮಗಳಿಗೆ ಒಂದು ಸೈಕಲ್ಲು ಕಟ್ಟಬೇಕೆಂಬ ಆಸೆ. ತಂದೆಯವರಿಗೆ ಮೊಣಕಾಲು ನೋವು, ಕಾಲನ್ನು ಎತ್ತಿ ಆಚೆ ಹಾಕಲಾಗದು. ಆದ್ದರಿಂದ ಮೊದಲನೆಯ ಫ್ರೇಮು ಅವರಿಗೆ. ಮೊದಲನೆಯದೂ ಎರಡನೆಯದೂ ಇಪ್ಪತ್ತಾರು ಇಂಚಿನವೇ ಆಗಿರುವುದರಿಂದ ಮೌಂಟನ್ ಬೈಕಿನ ಗಾಲಿಗಳನ್ನು ತೆಗೆದು ಅದಕ್ಕೆ ಹಾಕುವುದು, ಮಕ್ಕಳ ಸೈಕಲ್ಲಿನ ಫೋರ್ಕನ್ನು ಬಡಿದು ನೇರ ಮಾಡುವುದು ನನ್ನ ಯೋಜನೆ. ಸದ್ಯಕ್ಕೆ ಕೆಲಸ ಮೊದಲ ಹೆಜ್ಜೆಯಲ್ಲೇ ನಿಂತಿದೆ. ಮೊದಲನೆಯ ಸೈಕಲ್ಲಿನಲ್ಲಿ ಪೆಡಲುಗಳ ನಡುವಿನ ಆಕ್ಸಲ್ಲನ್ನು ಹಿಡಿದಿಡುವ ಎರಡು ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಕಪ್ಪುಗಳಲ್ಲಿ, ಅಂದರೆ ಬೇರಿಂಗಿನ ಬಟ್ಟಲುಗಳಲ್ಲಿ, ಎಡಗಡೆಯದು ಕಳಚಿ ಬಂದಿತು. ಚೈನಿನ ಕಡೆಯದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎರಡು ದಿನ ಎಳೆದರೂ ಕದಲಿಲ್ಲ.

ಕಾಟರ್‌ಪಿನ್:
ಮೊದಲು ಆ ಪೈಪನ್ನು ಕೆಳಗಿಡಿ. ತಾವು ಎರಡು ದಿನದಿಂದ ಕಪ್ಪನ್ನು ಬಿಗಿ ಮಾಡುತ್ತಿದ್ದೀರಿ.

ಹಿತ್ತಿಲಗಿಡ:
ಬಿಗಿ ಮಾಡುತ್ತಿದ್ದೇನೆಯೇ? ಎಲ್ಲ ನಟ್ಟುಗಳಂತೆ ಎಡಕ್ಕೇ ತಿರುಗಿಸುತ್ತಿದ್ದೇನೆ.

ಕಾಟರ್‌ಪಿನ್:
ಅದೇ ತಪ್ಪು. ಇಂಗ್ಲಿಷ್ ಅಳತೆಯ ಬಿ.ಬಿ. ಶೆಲ್ಲಿನಲ್ಲಿ (ಕಪ್ಪುಗಳು ಕೂರುವ ಫ್ರೇಮಿನ ಕೊಳವೆಯಲ್ಲಿ), ಅಂದರೆ 1.37 ಇಂಚು ವ್ಯಾಸ ಮತ್ತು ಇಂಚಿಗೆ 24 ಥ್ರೆಡ್ ಇರುವುದರಲ್ಲಿ, ಚೈನಿನ ಕಡೆಯ ಕಪ್ಪಿಗೆ ಉಲ್ಟಾ ಥ್ರೆಡ್ ಇರುತ್ತದೆ. ಅದನ್ನು ಬಿಚ್ಚಬೇಕಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಆದರೆ ನನ್ನ ಸಲಹೆಯೇ ಬೇರೆ: ಬಿಚ್ಚಲೇಬೇಡಿ. ಆಕ್ಸಲ್ಲನ್ನು ಎಡಗಡೆಯಿಂದ ಹೊರತೆಗೆದ ಮೇಲೆ ಒಂದು ಕಡ್ಡಿಗೆ ಬಟ್ಟೆ ಸುತ್ತಿ ಕಪ್ಪನ್ನು ಇದ್ದಲ್ಲಿಯೇ ಒರೆಸಿ, ಟಾರ್ಚು ಬಿಟ್ಟು ನೋಡಿ. ಬೇರಿಂಗಿನ ಗುಂಡುಗಳು ಓಡುವ ದಾರಿ ನುಣುಪಾಗಿ ಹೊಳೆಯುತ್ತಿದ್ದರೆ ಆ ಕಪ್ಪು ಇನ್ನೂ ಬಹುಕಾಲ ಬಾಳುತ್ತದೆ. ಗುಳಿ ಬಿದ್ದಿದ್ದರೆ ಮಾತ್ರ ತೆಗೆಯಿರಿ. ಗುಂಡುಗಳನ್ನು ಹೊಸದಾಗಿ ಹಾಕಿ. ಸಾಮಾನ್ಯವಾಗಿ ಪ್ರತಿ ಕಡೆಗೆ ಕಾಲು ಇಂಚಿನ 11 ಗುಂಡುಗಳು ಹಿಡಿಯುತ್ತವೆ.

ಬಾಗಿದಪೆಡಲು:
ಇಟಾಲಿಯನ್ ಅಳತೆಯ ಫ್ರೇಮಾದರೆ ಈ ಸೂತ್ರ ನಡೆಯುವುದಿಲ್ಲ. ಅಲ್ಲಿ ಎರಡೂ ಕಡೆ ನೇರ ಥ್ರೆಡ್ಡೇ.

ಕಾಟರ್‌ಪಿನ್:
ನಿಜ, ಶೆಲ್ಲಿನ ಅಗಲ ಅಳೆದರೆ ಸುಳಿವು ಸಿಗುತ್ತದೆ. ಇಟಾಲಿಯನ್ ಆದರೆ 70 ಮಿಲಿಮೀಟರು, ಇಂಗ್ಲಿಷ್ ಆದರೆ ಹೆಚ್ಚಾಗಿ 68 ಅಥವಾ 73. ಆದರೆ ಮನೆಯ ಹಿಂದೆ ಒರಗಿ ನಿಂತ ಇಂಥ ಸಾಧಾರಣ ಸೈಕಲ್ಲು ಇಟಾಲಿಯನ್ ಆಗಿರುವ ಸಂಭವ ಬಹಳ ಕಡಿಮೆ.

ಎದುರುಗಾಳಿ:
ಒಂದು ಮೂಲಭೂತ ಪ್ರಶ್ನೆ ಕೇಳುತ್ತೇನೆ, ಯಾರೂ ಬೇಸರಪಟ್ಟುಕೊಳ್ಳಬಾರದು. ಎರಡು ದಿನವನ್ನು ಒಂದು ಕಪ್ಪಿಗೆ ಕೊಟ್ಟವರು ಎರಡು ಸೈಕಲ್ಲು ಮುಗಿಸುವ ಹೊತ್ತಿಗೆ ಮಗಳು ದೊಡ್ಡವಳಾಗಿ ಇಪ್ಪತ್ತು ಇಂಚಿನ ಗಾಲಿಯೇ ಸಾಲದಂತಾಗುತ್ತದೆ. ಬಿಡಿಭಾಗ, ಉಪಕರಣ, ಗ್ರೀಸು, ತಪ್ಪಿ ತಂದ ಭಾಗಗಳು ಎಲ್ಲವನ್ನೂ ಕೂಡಿಸಿದರೆ ಹೊಸ ಸೈಕಲ್ಲಿನ ಬೆಲೆಯನ್ನು ಮುಟ್ಟುವುದು ನಿಶ್ಚಿತ. ಉಳಿತಾಯಕ್ಕಾಗಿ ಈ ದಾರಿ ಹಿಡಿದಿದ್ದರೆ ದಯವಿಟ್ಟು ಬಿಟ್ಟುಬಿಡಿ.

ಅಳತೆಗೋಲು:
ಎದುರುಗಾಳಿಯವರೇ, ಉಳಿತಾಯದ ಮಾತನ್ನು ಇಲ್ಲಿ ತಾವೊಬ್ಬರೇ ತೆಗೆದದ್ದು. ಹೊಸ ಸೈಕಲ್ಲನ್ನು ಸರಾಸರಿ ಮನುಷ್ಯನಿಗೆಂದು ಮಾಡಿರುತ್ತಾರೆ. ಮೊಣಕಾಲು ನೋಯುವ ಒಬ್ಬ ನಿರ್ದಿಷ್ಟ ಅಜ್ಜನಿಗೆ ಬೇಕಾದ ಎತ್ತರ, ಗೇರು, ಹ್ಯಾಂಡಲ್ಲಿನ ಬಾಗು, ಬ್ರೇಕು ಹಿಡಿಯಲು ಬೇಕಾಗುವ ಬಲ ಎಲ್ಲವೂ ಒಂದೇ ಸೈಕಲ್ಲಿನಲ್ಲಿ ಒದಗಿ ಬರುವುದು ಅಪರೂಪ. ಕಟ್ಟುವುದರ ಲಾಭ ಅಲ್ಲಿದೆ.

ಇನ್ನು ಮೂಲ ಪ್ರಶ್ನೆಗೆ. ಹಿತ್ತಿಲಗಿಡ ಅವರೇ, ಗಾಲಿ ಬದಲಿಸುವ ಯೋಜನೆ ನಡೆಯುವುದಿಲ್ಲ. "ಇಪ್ಪತ್ತಾರು ಇಂಚು" ಎಂಬುದು ಅಳತೆಯಲ್ಲ, ಬರೀ ಹೆಸರು. ಟಯರಿನ ಪಕ್ಕದಲ್ಲಿ ಉಬ್ಬಕ್ಷರದಲ್ಲಿ ಇನ್ನೊಂದು ಜೋಡಿ ಸಂಖ್ಯೆ ಇರುತ್ತದೆ, ಅದನ್ನು ಓದಿ ತಿಳಿಸಿ. ಹಿಂದಿನ ಫೋರ್ಕಿನ ಎರಡು ಕಾಲುಗಳ ನಡುವೆ ಆಕ್ಸಲ್ಲು ಕೂರುವ ಜಾಗದ ಒಳ ಅಗಲವನ್ನೂ ಅಳೆಯಿರಿ.

ಹಿತ್ತಿಲಗಿಡ:
ಹಳ್ಳೆಣ್ಣೆಯ ದೀಪ ಹಿಡಿಯದಿದ್ದರೂ ಟಾರ್ಚಂತೂ ಹಿಡಿದು ಓದಿದೆ. ಉಕ್ಕಿನ ಸೈಕಲ್ಲಿನಲ್ಲಿ 37-590 ಎಂದಿದೆ, ಮೌಂಟನ್ ಬೈಕಿನಲ್ಲಿ 50-559 ಎಂದಿದೆ. ಉಕ್ಕಿನ ಫ್ರೇಮಿನ ಹಿಂದಿನ ಅಗಲ 110 ಮಿಲಿಮೀಟರು. ಮೌಂಟನ್ ಬೈಕಿನ ಹಿಂಗಾಲಿಯ ನಡುವಿನ ಹಬ್ಬು 135. ಕಾಟರ್‌ಪಿನ್ ಅವರಿಗೆ ಧನ್ಯವಾದಗಳು, ಕಪ್ಪು ಇದ್ದಲ್ಲೇ ಇದೆ ಮತ್ತು ಒರೆಸಿದ ಮೇಲೆ ಹೊಳೆಯುತ್ತಿದೆ.

ಅಳತೆಗೋಲು:
ಎರಡನೆಯ ಸಂಖ್ಯೆಯೇ ಮುಖ್ಯ. ರಿಮ್ಮಿನಲ್ಲಿ ಟಯರಿನ ಅಂಚು ಕೂರುವ ವೃತ್ತದ ವ್ಯಾಸ ಅದು, ಮಿಲಿಮೀಟರಿನಲ್ಲಿ. 590 ಮತ್ತು 559ರ ನಡುವೆ 31 ಮಿಲಿಮೀಟರಿನ ವ್ಯತ್ಯಾಸವಿದೆ. ಅಂದರೆ ರಿಮ್ಮಿನ ಅಂಚು ಬ್ರೇಕಿನಿಂದ ಹದಿನೈದೂವರೆ ಮಿಲಿಮೀಟರು ಕೆಳಗೆ ಇಳಿಯುತ್ತದೆ ಮತ್ತು ಈಗಿರುವ ಬ್ರೇಕಿನ ರಬ್ಬರು ರಿಮ್ಮನ್ನು ಮುಟ್ಟದೆ ಟಯರನ್ನು ಉಜ್ಜುತ್ತದೆ. ಹಿಂದಿನ ಅಗಲದ ಕಥೆ ಇನ್ನೂ ಕಠಿಣ. ಉಕ್ಕಿನ ಫ್ರೇಮನ್ನು ನಾಲ್ಕೈದು ಮಿಲಿಮೀಟರು ಅಗಲಿಸಬಹುದು, 126ರಿಂದ 130ಕ್ಕೆ ಬಹಳ ಜನ ಅಗಲಿಸಿದ್ದಾರೆ. ಇಪ್ಪತ್ತೈದು ಮಿಲಿಮೀಟರು ಅಗಲಿಸುವುದೆಂದರೆ ಅದು ಹಿಂಸೆ. ಅಲ್ಯೂಮಿನಿಯಂ ಫ್ರೇಮನ್ನಂತೂ ಒಂದು ಮಿಲಿಮೀಟರೂ ಹಾಗೆ ಬಾಗಿಸಬಾರದು.

ಕಡ್ಡಿಚಕ್ರ:
ಹಿಂದಿನ ಹಬ್ಬು ಚೆನ್ನಾಗಿದ್ದರೆ ಗಾಲಿಯನ್ನೇ ಬದಲಿಸುವ ಅಗತ್ಯವಿಲ್ಲ, ರಿಮ್ಮು ಒಂದನ್ನು ಬದಲಿಸಿದರೆ ಸಾಕು. ಕಡ್ಡಿಯ ಕೆಲಸವೆಂದರೆ ಜನ ಸುಮ್ಮನೆ ಹೆದರುತ್ತಾರೆ. ತೂತುಗಳ ಸಂಖ್ಯೆಯೂ ಒಳ ವ್ಯಾಸವೂ ಒಂದೇ ಆಗಿರುವ 590ರ ರಿಮ್ಮನ್ನು ಹುಡುಕಿ ತನ್ನಿ. ಅದನ್ನು ಹಳೆಯ ರಿಮ್ಮಿನ ಪಕ್ಕಕ್ಕೆ ಜೋಡಿಸಿ, ವಾಲ್ವಿನ ತೂತುಗಳು ಒಂದರ ಪಕ್ಕ ಒಂದು ಬರುವಂತೆ ನಾಲ್ಕು ಕಡೆ ಟೇಪು ಸುತ್ತಿ. ಕಡ್ಡಿಗಳನ್ನು ರಿಮ್ಮಿಗೆ ಹಿಡಿದಿಡುವ ಸಣ್ಣ ನಟ್ಟುಗಳಾದ ಎಲ್ಲ ನಿಪ್ಪಲ್ಲುಗಳನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿದ ಮೇಲೆ, ಒಂದೊಂದೇ ಕಡ್ಡಿಯನ್ನು ಹಳೆಯ ರಿಮ್ಮಿನಿಂದ ಬಿಡಿಸಿ ಹೊಸದರ ಅದೇ ತೂತಿಗೆ ದಾಟಿಸುತ್ತಾ ಹೋಗಿ. ಯಾವ ಕಡ್ಡಿ ಯಾವುದರ ಮೇಲೆ ಹಾಯುತ್ತದೆಂಬ ಲೆಕ್ಕವನ್ನು ಹಾಕುವ ಗೋಜೇ ಇಲ್ಲ, ಹಳೆಯ ಗಾಲಿಯೇ ಅದನ್ನು ಹೇಳಿಕೊಡುತ್ತದೆ.

ಬಿಗಿ ಮಾಡುವಾಗ ಮಾತ್ರ ಅವಸರ ಬೇಡ. ಮೊದಲ ಸುತ್ತಿನಲ್ಲಿ ಎಲ್ಲ ನಿಪ್ಪಲ್ಲುಗಳಿಗೂ ಸಮನಾದ ತಿರುವು ಕೊಡಿ. ಆಮೇಲೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಸೈಕಲ್ಲನ್ನು ತಲೆಕೆಳಗಾಗಿಸಿ ಬ್ರೇಕಿನ ರಬ್ಬರನ್ನೇ ಗುರುತಾಗಿಟ್ಟುಕೊಂಡರೆ ಔಟ್, ಅಂದರೆ ಗಾಲಿಯ ಸೊಟ್ಟ, ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕೊನೆಗೆ ಕಡ್ಡಿಗಳನ್ನು ಬೆರಳಿನಿಂದ ಮೀಟಿ. ಒಂದೇ ಕಡೆಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಸ್ವರ ನುಡಿಯಬೇಕು. ಫ್ರೀವೀಲಿನ ಕಡೆಯವು ಹೆಚ್ಚು ಬಿಗಿಯಾಗಿರುವುದರಿಂದ ಅವುಗಳ ಸ್ವರ ತುಸು ಮೇಲಿರುತ್ತದೆ. ನಡುವೆ ಒಂದು ಕಡ್ಡಿ ಮಾತ್ರ ಮಂಕಾಗಿ "ದಪ್" ಎಂದರೆ ಗಾಲಿ ನೇರವಾಗಿ ಕಂಡರೂ ಅದು ತಾತ್ಕಾಲಿಕ ಎಂದು ತಿಳಿಯಿರಿ.

ಗಾಳಿಪಂಪು:
ನಮ್ಮ ಮನೆಯಲ್ಲಿ ಶ್ರುತಿಪೆಟ್ಟಿಗೆ ಇಲ್ಲ, ಹಾರ್ಮೋನಿಯಂ ನಡೆಯುತ್ತದೆಯೇ?

ಕಡ್ಡಿಚಕ್ರ:
ನಡೆಯುತ್ತದೆ. ನಾನು ತಮಾಷೆ ಮಾಡುತ್ತಿಲ್ಲ.

ಬಾಗಿದಪೆಡಲು:
ಫೋರ್ಕಿನ ವಿಷಯವನ್ನು ಯಾರೂ ಎತ್ತಲಿಲ್ಲ. ಉಕ್ಕಿನ ಫೋರ್ಕಾದರೆ ನೇರ ಮಾಡಬಹುದು. ನಾನೇ ಒಂದನ್ನು ನೇರ ಮಾಡಿದ್ದೇನೆ, ಹತ್ತು ವರ್ಷ ಓಡಿದೆ.

ಕಾಟರ್‌ಪಿನ್:
ಹತ್ತು ವರ್ಷ ಓಡಿದ್ದು ತಮ್ಮ ಅದೃಷ್ಟ, ಫೋರ್ಕಿನ ಗುಣವಲ್ಲ. ಒಮ್ಮೆ ಬಾಗಿ ಮತ್ತೆ ನೇರವಾದ ಲೋಹದೊಳಗೆ ಕಣ್ಣಿಗೆ ಕಾಣದ ಬಿರುಕು ಇದ್ದರೂ ಇರಬಹುದು. ಚೈನು ತುಂಡಾದರೆ ಸೈಕಲ್ಲು ನಿಲ್ಲುತ್ತದೆ, ಫೋರ್ಕು ತುಂಡಾದರೆ ಸವಾರನ ಮುಖವೇ ಮೊದಲು ನೆಲ ಮುಟ್ಟುತ್ತದೆ. ಗುಜರಿ ರಾಶಿಯಿಂದ ಎಲ್ಲವನ್ನೂ ಆರಿಸಿಕೊಳ್ಳಿ. ಫೋರ್ಕು, ಹ್ಯಾಂಡಲ್ಲಿನ ಸ್ಟೆಮ್ಮು, ಬ್ರೇಕಿನ ಕೇಬಲ್ಲು ಈ ಮೂರನ್ನು ಮಾತ್ರ ಅನುಮಾನವಿದ್ದರೆ ಮುಟ್ಟಬೇಡಿ.

ಇನ್ನೊಂದು ಪರೀಕ್ಷೆ ಬಾಕಿಯಿದೆ. ಮಕ್ಕಳ ಸೈಕಲ್ಲಿನ ಫ್ರೇಮಿನಲ್ಲಿ, ಫೋರ್ಕು ಹಾದುಹೋಗುವ ಕೊಳವೆಯಿಂದ ಪೆಡಲಿನ ಕಡೆಗೆ ಇಳಿಯುವ ಓರೆಕೊಳವೆಯ ತಳಭಾಗವನ್ನು ಕಣ್ಣು ಮುಚ್ಚಿ ಬೆರಳಿನಿಂದ ಸವರಿ. ಏನು ತಾಗುತ್ತದೆ?

ಹಿತ್ತಿಲಗಿಡ:
ಬಣ್ಣ ಸುಕ್ಕುಗಟ್ಟಿದೆ. ಕಣ್ಣಿಗೆ ಇಷ್ಟು ದಿನ ಕಂಡಿರಲಿಲ್ಲ, ಬೆರಳಿಗೆ ಸಣ್ಣ ಅಲೆಯಂತೆ ಸ್ಪಷ್ಟವಾಗಿ ತಾಗಿತು.

ಕಾಟರ್‌ಪಿನ್:
ಹಾಗಾದರೆ ಆ ಪೆಟ್ಟಿಗೆ ಬಾಗಿದ್ದು ಫೋರ್ಕು ಮಾತ್ರವಲ್ಲ, ಫ್ರೇಮು ಕೂಡ. ಅದನ್ನು ಮಗಳಿಗೆ ಕೊಡಬೇಡಿ.

ಎದುರುಗಾಳಿ:
ಮೂರರಿಂದ ಎರಡು ಎಂದು ಹೊರಟವರು ಈಗ ಮೂರರಿಂದ ಒಂದಕ್ಕೆ ಇಳಿದಿದ್ದಾರೆ ಎಂಬುದನ್ನು ದಾಖಲಿಸಲು ಬಯಸುತ್ತೇನೆ.

ಹಿತ್ತಿಲಗಿಡ:
ದಾಖಲಾಗಿದೆ. ಆದರೆ ಪರಿಚಯಸ್ಥರೊಬ್ಬರ ಮನೆಯಲ್ಲಿ ಇನ್ನೊಂದು ಇಪ್ಪತ್ತು ಇಂಚಿನ ಸೈಕಲ್ಲು ಗಾಲಿಗಳಿಲ್ಲದೆ ಬಿದ್ದಿದೆಯಂತೆ. ಹೀಗಾಗಿ ಲೆಕ್ಕ ಈಗ ನಾಲ್ಕರಿಂದ ಎರಡು.

ಅಳತೆಗೋಲು:
ತರುವ ಮೊದಲು ದಾರದ ಪರೀಕ್ಷೆ ಮಾಡಿ. ಹಿಂದಿನ ಆಕ್ಸಲ್ಲು ಕೂರುವ ಒಂದು ತುದಿಗೆ ದಾರ ಕಟ್ಟಿ, ಅದನ್ನು ಮುಂದಿನ ಕೊಳವೆಯನ್ನು ಬಳಸಿ ತಂದು, ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡು ಕಡೆಯ ದಾರಕ್ಕೂ ಇರುವ ದೂರ ಒಂದೇ ಆಗಿದ್ದರೆ ಫ್ರೇಮು ನೇರವಾಗಿದೆ. ಒಂದು ದಾರ, ಒಂದು ಅಳತೆಪಟ್ಟಿ, ಎರಡು ನಿಮಿಷ, ಇಷ್ಟೇ.

ತಾವು ಈಗ ಕೇಳಲಿರುವ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ಮೌಂಟನ್ ಬೈಕಿನ ಪೆಡಲು ಅದಕ್ಕೆ ಹೊಂದುತ್ತದೆಯೇ ಎಂಬುದು ಕ್ರ್ಯಾಂಕಿನ, ಅಂದರೆ ಪೆಡಲು ಕೂರುವ ತೋಳಿನ, ಮೇಲೆ ನಿಂತಿದೆ. ಎಡ, ಬಲ, ನಡುವಿನ ಆಕ್ಸಲ್ಲು ಮೂರೂ ಒಂದೇ ಉಕ್ಕಿನ ಸಲಾಕೆಯಾಗಿರುವ ಮಕ್ಕಳ ಕ್ರ್ಯಾಂಕಿಗೆ ಅರ್ಧ ಇಂಚಿನ ಪೆಡಲು ಬೇಕು. ಮೌಂಟನ್ ಬೈಕಿನದು 9/16 ಇಂಚು, ಹೋಗುವುದಿಲ್ಲ. ಮೌಂಟನ್ ಬೈಕಿನ ಕ್ರ್ಯಾಂಕನ್ನೇ ಹಾಕುವ ಆಲೋಚನೆಯಿದ್ದರೆ ಅದನ್ನೂ ಕೈಬಿಡಿ. ಸಾಮಾನ್ಯವಾಗಿ 170 ಮಿಲಿಮೀಟರು ಇರುವ ಅದರಿಂದ ಒಂಬತ್ತು ವರ್ಷದ ಮಗುವಿನ ಮೊಣಕಾಲು ಪ್ರತಿ ಸುತ್ತಿಗೂ ಎದೆಯ ಹತ್ತಿರಕ್ಕೆ ಬರುತ್ತದೆ.

ಬಾಗಿದಪೆಡಲು:
ಪೆಡಲು ಬಿಚ್ಚುವಾಗ ಕಪ್ಪಿನ ಕಥೆ ಮರುಕಳಿಸದಿರಲಿ ಎಂದು ಹೇಳುತ್ತಿದ್ದೇನೆ: ಎಡಗಡೆಯ ಪೆಡಲಿಗೂ ಉಲ್ಟಾ ಥ್ರೆಡ್. ದಿಕ್ಕು ನೆನಪಿಡುವುದು ಕಷ್ಟವೆನಿಸಿದರೆ, ಸ್ಪ್ಯಾನರನ್ನು ಪೆಡಲಿನಿಂದ ನೇರ ಮೇಲಕ್ಕೆ ನಿಲ್ಲಿಸಿ ಹಿಂಗಾಲಿಯ ಕಡೆಗೆ ಎಳೆಯಿರಿ. ಎರಡು ಕಡೆಯೂ ಅದೇ ದಿಕ್ಕಿಗೆ ಸಡಿಲವಾಗುತ್ತದೆ.

ಗಾಳಿಪಂಪು:
ಒಬ್ಬ ಸ್ಕಾಟ್ಲೆಂಡಿನ ಸವಾರ ಬಟ್ಟೆ ಒಗೆಯುವ ಯಂತ್ರವನ್ನು ಬಿಚ್ಚಿ ಸೈಕಲ್ಲು ಮಾಡಿ ವಿಶ್ವದಾಖಲೆ ಬರೆದಿದ್ದನಂತೆ. ನಾವು ಇಲ್ಲಿ ಪೆಡಲಿನ ಅಳತೆಗೆ ಒದ್ದಾಡುತ್ತಿದ್ದೇವೆ.

ಅಳತೆಗೋಲು:
ಇಡೀ ಯಂತ್ರವನ್ನಲ್ಲ, ಅದರ ಬೇರಿಂಗನ್ನು ಮಾತ್ರ. ಗ್ರೇಮ್ ಒಬ್ರೀ ತಾವೇ ಕಟ್ಟಿದ "ಓಲ್ಡ್ ಫೇತ್‌ಫುಲ್" ಎಂಬ ಸೈಕಲ್ಲಿನಲ್ಲಿ 1993ರ ಜುಲೈನಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಗೆ 51.596 ಕಿಲೋಮೀಟರು ಕ್ರಮಿಸಿ, 1984ರಿಂದ ನಿಂತಿದ್ದ ಫ್ರಾನ್ಸೆಸ್ಕೊ ಮೋಸರ್ ಅವರ ದಾಖಲೆಯನ್ನು ಮುರಿದರು. ಒಂದೇ ವಾರದೊಳಗೆ ಕ್ರಿಸ್ ಬೋರ್ಡ್‌ಮನ್ ಆ ದಾಖಲೆಯನ್ನೂ ಮುರಿದರು ಎಂಬುದು ಬೇರೆ ಮಾತು. ಒಬ್ರೀ ಅವರೂ ಕಟ್ಟಿದ್ದು ತಮ್ಮ ದೇಹದ ಭಂಗಿಗೆ ತಕ್ಕಂತೆ. ಎರಡು ಮೊಣಕಾಲುಗಳು ಹತ್ತಿರ ಹತ್ತಿರ ಸುತ್ತಬೇಕೆಂದು ಪೆಡಲುಗಳ ನಡುವಿನ ಅಗಲವನ್ನು ಕಿರಿದಾಗಿಸಿಕೊಂಡಿದ್ದರು. ಹಿತ್ತಿಲಗಿಡ ಅವರು ಮಾಡುತ್ತಿರುವುದೂ ಅದನ್ನೇ, ದಾಖಲೆಯ ಆಸೆಯೊಂದನ್ನು ಬಿಟ್ಟು.

ಕಡ್ಡಿಚಕ್ರ:
ಮನೆಯವರಿಗಾಗಿ ಕೈ ಹಚ್ಚಿದವರ ಸಾಲಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅವರನ್ನು ಮರೆಯಬಾರದು. ವೃತ್ತಿಯಿಂದ ಪಶುವೈದ್ಯರು. ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ತಗ್ಗಿಸಲು ಹೊರಟು ಗಾಳಿ ತುಂಬಿದ ಟಯರನ್ನೇ ಕಂಡುಹಿಡಿದರು.

ಬಾಗಿದಪೆಡಲು:
ಮರುಕಂಡುಹಿಡಿದರು ಎನ್ನಿ. ರಾಬರ್ಟ್ ವಿಲಿಯಂ ಥಾಮ್ಸನ್ ಅದೇ ತತ್ತ್ವಕ್ಕೆ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಡನ್‌ಲಪ್ ಅವರದು 1888. ಮೊದಲನೆಯದರ ಕಾಲಕ್ಕೆ ಅದನ್ನು ಹಾಕಲು ಈಗಿನಂಥ ಸೈಕಲ್ಲೇ ಇರಲಿಲ್ಲ.

ಕಾಟರ್‌ಪಿನ್:
ಅಜ್ಜನ ಸೈಕಲ್ಲಿಗೆ ಮರಳೋಣವೇ? ಮುಂದೆ ಎಷ್ಟು ಹಲ್ಲು, ಹಿಂದೆ ಎಷ್ಟು ಹಲ್ಲು?

ಹಿತ್ತಿಲಗಿಡ:
ಮುಂದೆ 44, ಹಿಂದೆ 18. ಸಣ್ಣ ಏರು ಬಂದರೂ ತಂದೆಯವರು ಇಳಿದು ತಳ್ಳುತ್ತಿದ್ದರು.

ಕಾಟರ್‌ಪಿನ್:
ಇಳಿಯದೆ ಇನ್ನೇನು ಮಾಡುತ್ತಾರೆ? ಅವರ ಗಾಲಿಯ ಸುತ್ತಳತೆ ಸುಮಾರು 2.1 ಮೀಟರು. 44ಕ್ಕೆ 18 ಎಂದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಐದು ಮೀಟರಿಗಿಂತ ಹೆಚ್ಚು ಓಡುತ್ತದೆ, ಆ ಐದು ಮೀಟರಿನ ಭಾರವೆಲ್ಲ ಒಂದೇ ಸುತ್ತಿನಲ್ಲಿ ಮೊಣಕಾಲಿನ ಮೇಲೆ ಬೀಳುತ್ತದೆ. ಹಿಂದೆ 22 ಹಲ್ಲಿನ ಫ್ರೀವೀಲು ಹಾಕಿ. ಆಗ ಒಂದು ಸುತ್ತಿಗೆ ಸುಮಾರು 4.2 ಮೀಟರು, ವೇಗ ಇಳಿಯುತ್ತದೆ, ಆದರೆ ಅವರು ಇಳಿಯಬೇಕಾಗುವುದಿಲ್ಲ.

ಬಾಗಿದಪೆಡಲು:
ಹಲ್ಲು ಹೆಚ್ಚಿದರೆ ಚೈನು ಸಾಲುವುದಿಲ್ಲ ಎಂಬುದನ್ನು ಸೇರಿಸಿ. ನಾಲ್ಕು ಹಲ್ಲಿಗೆ ಸುಮಾರು ಒಂದು ಇಂಚು, ಅಂದರೆ ಒಂದು ಜೋಡಿ ಕೊಂಡಿ ಹೆಚ್ಚಿಗೆ ಬೇಕು. ಹಳೆಯ ಚೈನಿಗೆ ಕೊಂಡಿ ಸೇರಿಸುವ ಮೊದಲು ಅದರ ಸವೆತವನ್ನೂ ನೋಡಿ: ಪಿನ್ನಿನಿಂದ ಪಿನ್ನಿಗೆ ಅಳೆದರೆ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಆ ಚೈನನ್ನು ಎಸೆಯಿರಿ, ಇಲ್ಲವಾದರೆ ಹೊಸ ಫ್ರೀವೀಲಿನ ಹಲ್ಲುಗಳನ್ನು ಅದು ತಿಂದುಹಾಕುತ್ತದೆ.

ಹಿತ್ತಿಲಗಿಡ (ಮೂರು ವಾರಗಳ ನಂತರ):
ಅಜ್ಜನ ಸೈಕಲ್ಲು ನಿಂತಿದೆ. ರಿಮ್ಮು ದಾಟಿಸಲು ಒಂದು ಸಂಜೆ, ಔಟ್ ತೆಗೆಯಲು ಮೂರು ಸಂಜೆ ಬೇಕಾದವು. ಕಡ್ಡಿಗಳನ್ನು ಮೀಟುವ ಕೆಲಸ ಮಗಳದಾಗಿತ್ತು, ಎರಡು ಮಂಕು ಕಡ್ಡಿಗಳನ್ನು ನನಗಿಂತ ಮೊದಲೇ ಹಿಡಿದುಕೊಟ್ಟಳು. ಒಂದು ತೊಂದರೆ ಉಳಿದಿದೆ. ಮೌಂಟನ್ ಬೈಕಿನ ಬ್ರೇಕ್ ಲಿವರು ಹೊಸದರಂತಿತ್ತು ಎಂದು ಅದನ್ನೇ ಹಾಕಿದೆ. ಲಿವರು ಮರದ ತುಂಡಿನಂತೆ ಗಟ್ಟಿಯಾಗಿದೆ, ಎಷ್ಟು ಅದುಮಿದರೂ ಸೈಕಲ್ಲು ನಿಧಾನವಾಗಿ ನಿಲ್ಲುತ್ತದೆ.

ಅಳತೆಗೋಲು:
ಇನ್ನೊಂದು ಸುತ್ತೂ ಓಡಿಸಬೇಡಿ, ಲಿವರನ್ನು ಬದಲಿಸಿ. ಮೌಂಟನ್ ಬೈಕಿನ ವಿ-ಬ್ರೇಕಿಗೆ ಮಾಡಿದ ಲಿವರು ಕೇಬಲ್ಲನ್ನು ಹೆಚ್ಚು ದೂರ ಎಳೆಯುತ್ತದೆ, ಕಡಿಮೆ ಬಲದಿಂದ. ಹಳೆಯ ಕ್ಯಾಲಿಪರ್ ಬ್ರೇಕಿಗೆ ಬೇಕಾದದ್ದು ಕಡಿಮೆ ದೂರ, ಹೆಚ್ಚು ಬಲ. ಎರಡೂ ಒಳ್ಳೆಯ ಭಾಗಗಳೇ, ಜೋಡಿ ತಪ್ಪಿದೆ ಅಷ್ಟೆ. ಬೆರಳುಗಳ ಶಕ್ತಿ ತಗ್ಗಿದ ವಯಸ್ಸಿನವರಿಗೆ ಈ ತಪ್ಪು ಅಪಾಯಕಾರಿ.

ಹಿತ್ತಿಲಗಿಡ:
ಹಳೆಯ ಲಿವರನ್ನು ತೊಳೆದು, ಹೊಸ ಕೇಬಲ್ಲು ಹಾಕಿ ಜೋಡಿಸಿದೆ. ಎರಡು ಬೆರಳಿಗೆ ನಿಲ್ಲುತ್ತದೆ. ತಂದೆಯವರು ಏರಿನ ತುದಿಯವರೆಗೆ ಕುಳಿತೇ ಹೋದರು; ಮೇಲೆ ಹೋಗಿ, ಸೀಟು ಅರ್ಧ ಇಂಚು ಹೆಚ್ಚಾಯಿತೆಂದು ದೂರಿದರು.

ಎದುರುಗಾಳಿ:
ಸೀಟು ಇಳಿಸಬೇಡಿ. ಪೆಡಲು ಕೆಳಗಿರುವಾಗ ಕಾಲು ಹೆಚ್ಚುಕಡಿಮೆ ನೇರವಾಗಿದ್ದರೇ ಮೊಣಕಾಲಿಗೆ ಸುಖ. ಹೊಸದನ್ನು ಕೊಳ್ಳಿ ಎಂದೆನೇ ಹೊರತು ನನಗೆ ಸೈಕಲ್ಲು ಗೊತ್ತಿಲ್ಲವೆಂದು ಯಾರೂ ತಿಳಿಯಬಾರದು.

ಹಿತ್ತಿಲಗಿಡ (ಇನ್ನೂ ಹತ್ತು ದಿನಗಳ ನಂತರ):
ಮಗಳ ಸೈಕಲ್ಲೂ ಓಡುತ್ತಿದೆ. ದಾರದ ಪರೀಕ್ಷೆಯಲ್ಲಿ ಗೆದ್ದ ಫ್ರೇಮಿಗೆ ಹಳೆಯ ಮಕ್ಕಳ ಸೈಕಲ್ಲಿನ ಎರಡು ಗಾಲಿಗಳು, ಕ್ರ್ಯಾಂಕು ಮತ್ತು ಚೈನು; ಫೋರ್ಕು ಫ್ರೇಮಿನದೇ. ಕ್ಯಾರಿಯರು, ಪಕ್ಕದ ಸ್ಟ್ಯಾಂಡು, ಚೈನಿನ ದಪ್ಪ ಕವಚ ಎಲ್ಲ ಕಳಚಿಟ್ಟ ಮೇಲೆ ಅವಳೇ ಅದನ್ನು ಎತ್ತಿ ಮೆಟ್ಟಿಲು ಹತ್ತಿಸುತ್ತಾಳೆ.

ಆದರೆ "ಟಿಕ್" ಎಂಬ ಒಂದು ಸದ್ದು ಬರುತ್ತಿದೆ. ಬಲ ಪೆಡಲು ಮೇಲಕ್ಕೆ ಬಂದಾಗಲೆಲ್ಲ ಒಮ್ಮೆ.

ಬಾಗಿದಪೆಡಲು:
ಚೈನಿನಲ್ಲಿ ಒಂದು ಕೊಂಡಿ ಬಿಗಿಯಾಗಿರಬೇಕು.

ಕಾಟರ್‌ಪಿನ್:
ಅಲ್ಲ. ಕೊಂಡಿಯಾಗಿದ್ದರೆ ಚೈನು ಪೂರ್ತಿ ಒಂದು ಸುತ್ತು ಬಂದಾಗ ಮಾತ್ರ ಸದ್ದಾಗುತ್ತಿತ್ತು, ಪೆಡಲಿನ ಪ್ರತಿ ಸುತ್ತಿಗಲ್ಲ. ಪೆಡಲಿನ ಬೇರಿಂಗು, ಪೆಡಲಿನ ಥ್ರೆಡ್ಡಿಗೆ ಗ್ರೀಸು, ಕ್ರ್ಯಾಂಕಿನ ಕೋನು. ಈ ಕ್ರಮದಲ್ಲಿ ನೋಡಿ.

ಹಿತ್ತಿಲಗಿಡ:
ಮೂರನ್ನೂ ಬಿಚ್ಚಿ ಗ್ರೀಸು ಹಚ್ಚಿ ಕೂರಿಸಿದೆ. ಸದ್ದು ಹೋಗಿಲ್ಲ. ವಿಚಿತ್ರವೆಂದರೆ ನಾನು ಕೈಯಿಂದ ಪೆಡಲು ತಿರುಗಿಸಿದರೆ ಸದ್ದಿಲ್ಲ, ಮೊಣಕಾಲು ಮಡಚಿಕೊಂಡು ನಾನೇ ಹತ್ತಿ ಓಡಿಸಿದರೂ ಇಲ್ಲ. ಅವಳು ಕುಳಿತರೆ ಮಾತ್ರ ಬರುತ್ತದೆ.

ಕಡ್ಡಿಚಕ್ರ:
ಸೀಟಿನ ಸ್ಪ್ರಿಂಗು?

ಹಿತ್ತಿಲಗಿಡ:
ಸೀಟಿಗೆ ಸ್ಪ್ರಿಂಗೇ ಇಲ್ಲ. ಇಂದು ಸಂಜೆ ಪತ್ತೆಯಾಯಿತು, ಪತ್ತೆ ಮಾಡಿದ್ದು ಮಗಳೇ. ಬರಿಗಾಲಿನಲ್ಲಿ ಓಡಿಸಿದಾಗ ಸದ್ದು ನಿಂತಿತಂತೆ. ಶೂ ಲೇಸಿನ ತುದಿಯ ಪ್ಲಾಸ್ಟಿಕ್ಕು ಪ್ರತಿ ಸುತ್ತಿಗೂ ಕ್ರ್ಯಾಂಕಿಗೆ ಬಡಿಯುತ್ತಿತ್ತು. ನಾನು ಎರಡು ಸಲ ಕ್ರ್ಯಾಂಕು ಬಿಚ್ಚಿದ್ದೆ.

ಎದುರುಗಾಳಿ:
ಹೊಸ ಸೈಕಲ್ಲಾಗಿದ್ದರೂ ಲೇಸು ಬಡಿಯುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಕಾಟರ್‌ಪಿನ್:
ಲೇಸನ್ನು ಶೂ ಒಳಗೆ ಸೇರಿಸಿ ಕಟ್ಟಲಿ, ಚೈನಿಗೆ ಸಿಕ್ಕಿಕೊಂಡರೆ ಬೀಳುತ್ತಾಳೆ. ಅಜ್ಜನ ಸೈಕಲ್ಲಿನ ಕ್ರ್ಯಾಂಕುಗಳನ್ನು ಆಕ್ಸಲ್ಲಿಗೆ ಹಿಡಿದಿಡುವ ಬೆಣೆಗಳಾದ ಕಾಟರ್ ಪಿನ್ನುಗಳನ್ನು ಮೊದಲ ಕೆಲವು ಸವಾರಿಗಳಾದ ಮೇಲೆ ಇನ್ನೊಮ್ಮೆ ಬಡಿದು ನಟ್ಟು ಬಿಗಿ ಮಾಡುವುದನ್ನು ಮರೆಯಬೇಡಿ. ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಆಸರೆ ಇರಲಿ, ಇಲ್ಲದಿದ್ದರೆ ಪೆಟ್ಟೆಲ್ಲ ತಾವು ಹೊಸದಾಗಿ ಹಾಕಿದ ಗುಂಡುಗಳ ಮೇಲೆ ಬೀಳುತ್ತದೆ.